ತಲೆ ಮುಂದಾಗಿ

ಸುವರ್ಣಾ ಟೀಚರ್ ಎರಡೂ ಅಂಗೈಗಳನ್ನು ತಲೆಯ ಮೇಲೆ ಜೋಡಿಸಿ, ಮೊಣಕಾಲು ಅರ್ಧ ಬಗ್ಗಿಸಿ, ರಾವಸಾಬನ ಅಂಗಳದ ನಡುವೆ ಬಾಗಿ ನಿಂತಾಗ ಎದುರುಮನೆ ಕಟ್ಟೆಯ ಮೇಲೆ ಕೂತವರೆಲ್ಲ ಬೀಡಿ ಸೇದುವುದನ್ನು ಬಿಟ್ಟು ನೋಡಿದರು. ಈಕೆ ನಮಸ್ಕಾರ ಮಾಡುತ್ತಿದ್ದಾಳೋ, ಸೊಂಟ ಹಿಡಿದುಕೊಂಡಿದೆಯೋ ಅವರಿಗೆ ತಿಳಿಯಲಿಲ್ಲ.

"ಹಿಂಗ ನೋಡ್ರಿ," ಎಂದಳು ಟೀಚರ್. "ಮೊದಲ ಕೈ, ಆಮ್ಯಾಲ ತೆಲಿ, ಆಮ್ಯಾಲ ಮೈ. ಕಾಲು ಎಲ್ಲಾದಕ್ಕಿಂತ ಹಿಂದ. ಇದಕ್ಕ ಡೈವ್ ಅಂತಾರ್ರಿ."

"ನಾವು ಸೂರ ಹೊಡಿಯೂದು ಅಂತೇವ್ರಿ," ಎಂದ ರಾವಸಾಬ. "ಅದು ಬ್ಯಾಡ."

ಹೇಳಿ, ಹೆಂಡತಿ ಸುಂದರವ್ವ ಚಹಾ ತಂದಳೇ ಎಂದು ನೋಡಲು ಬಾಗಿಲ ಕಡೆ ತಿರುಗಿದ. ತಿರುಗಿದ ಅಂದರೆ ಬರೀ ಮುಖ ತಿರುಗಿಸಿದ ಎಂದಲ್ಲ. ಎದೆ, ಹೊಟ್ಟೆ, ಕೂತ ಮಣೆ ಸಮೇತ ಇಡೀ ಮನುಷ್ಯ ತಿರುಗಿದ. ಅವನ ಕುತ್ತಿಗೆ ನಾಲ್ಕಾರು ವರ್ಷದಿಂದ ಎಡಕ್ಕೂ ಬಲಕ್ಕೂ ಹೊರಳುತ್ತಿರಲಿಲ್ಲ, ಕೆಳಕ್ಕೂ ಬಗ್ಗುತ್ತಿರಲಿಲ್ಲ. ಹೊಸದಾಗಿ ನೋಡಿದವರು ಈತನಿಗೆ ಭಾರಿ ಗತ್ತು ಎಂದುಕೊಳ್ಳುತ್ತಿದ್ದರು. ಬಡಪಾಯಿಗೆ ಗತ್ತು ಮಾಡುವಂಥದ್ದು ಏನೂ ಇರಲಿಲ್ಲ.

ಟೀಚರ್ ಬಂದದ್ದು ಅವನ ಮಗಳು ಸಾಕ್ಷಿಯ ಸಲುವಾಗಿ. ಒಂಬತ್ತನೇ ಇಯತ್ತೆಯ ಸಾಕ್ಷಿ ನೀರಿಗೆ ಬಿದ್ದರೆ ಮೀನು. ಸುವರ್ಣಾ ಟೀಚರ್ ಕಲಿಸುವುದು ಇಂಗ್ಲಿಷ್. ಆದರೆ ಹೈಸ್ಕೂಲಿಗೆ ಆಟದ ಮಾಸ್ತರರೇ ಬಂದಿರಲಿಲ್ಲ. ಇಂಗ್ಲಿಷ್ ಬಲ್ಲವರಿಗೆ ಬಾರದ್ದು ಯಾವುದಿದೆ ಎಂದು ಹೆಡ್‌ಮಾಸ್ತರರು ಸೀಟಿಯನ್ನು ಅವಳ ಕೊರಳಿಗೆ ಹಾಕಿದ್ದರು. ಬಾಗೇವಾಡಿ ಪೇಟೆಯಲ್ಲಿ ಬೆಳೆದ ಆಕೆ ಹುಟ್ಟಿದಾಗಿನಿಂದ ನೀರಿಗೆ ಇಳಿದಿದ್ದರೆ ಕೂಡಲಸಂಗಮದಲ್ಲಿ, ಅದೂ ಮೊಣಕಾಲಿನ ತನಕ, ಅದೂ ಅವ್ವನ ಸೆರಗು ಹಿಡಿದುಕೊಂಡು.

ವಿಜಾಪುರದ ಜಿಲ್ಲಾ ಮಟ್ಟದ ಪಂದ್ಯದಲ್ಲಿ ನಡೆದದ್ದು ಇಷ್ಟು. ಸೀಟಿ ಊದಿದ ಕೂಡಲೇ ಉಳಿದ ಹುಡುಗಿಯರೆಲ್ಲ ಕೈ ಮುಂದೆ ಮಾಡಿ ನೀರಿಗೆ ಹಾರಿದರು. ಸಾಕ್ಷಿ ಮಾತ್ರ ಮೂಗು ಹಿಡಿದುಕೊಂಡು, ಒನಕೆ ನಿಲ್ಲಿಸಿದ ಹಾಗೆ ನೆಟ್ಟಗೆ ನಿಂತು, ಕಾಲು ಕೆಳಗೆ ಮಾಡಿ ಧುಡುಂ ಎಂದು ಬಿದ್ದಳು. ನೋಡುತ್ತಿದ್ದವರು ನಕ್ಕರು. ಅವಳು ಮುಳುಗಿ ಏಳುವಷ್ಟರಲ್ಲಿ ಉಳಿದವರು ಎಷ್ಟೋ ಮುಂದೆ ಹೋಗಿದ್ದರು. ಹಾಗಿದ್ದೂ ಅವರನ್ನು ಬೆನ್ನಟ್ಟಿ ಎರಡನೆಯವಳಾಗಿ ದಡ ಮುಟ್ಟಿದಳು. ಅಲ್ಲಿನ ಕೋಚ್ ಒಬ್ಬರು ಬಂದು, "ಈ ಹುಡುಗಿ ಮುಂದಿನ ಪಂದ್ಯಕ್ಕ ಬೆಳಗಾವಿಗೆ ಬರಬೇಕು. ಆದ್ರ ಡೈವ್ ಕಲಸ್ರಿ. ಅದಿಲ್ಲಂದ್ರ ಅಲ್ಲಿ ನಡ್ಯಂಗಿಲ್ಲ," ಎಂದರು. ಟೀಚರ್ ಆಗಲಿ ಎಂದು ತಲೆಯಾಡಿಸಿದಳು. ತನಗೆ ಗೊತ್ತಿರುವುದು ಡೈವ್ ಎಂಬ ಶಬ್ದವೇ ಹೊರತು ಡೈವ್ ಅಲ್ಲ ಎಂದು ಅವಳಿಗೆ ಹೊಳೆದದ್ದು ಬಸ್ಸು ಕೊಲ್ಹಾರದ ಹತ್ತಿರ ಬಂದಾಗ.

ಮನೆಗೆ ಹೋದವಳೇ ಡಿಕ್ಷನರಿ ತೆಗೆದಳು. ಆ ಶಬ್ದಕ್ಕೆ ಅಲ್ಲಿ ಬಹಳ ಅರ್ಥಗಳಿದ್ದವು. ಅಷ್ಟು ಕಡೆ ಓಡಾಡುವ ಶಬ್ದವೆಂದರೆ ಅಪಾಯದ್ದಿರಲಾರದು ಎಂದು ಅವಳಿಗೆ ಧೈರ್ಯ ಬಂತು. ಅದೇ ಧೈರ್ಯವನ್ನು ಈಗ ರಾವಸಾಬನಿಗೂ ಹಂಚಲು ನೋಡಿದಳು.

"ಅಷ್ಟ ಹೆದರು ಶಬ್ದ ಅಲ್ರಿ ಅದು. ಮಿಂಚುಳ್ಳಿ ಮೀನ ಹಿಡಿಯಾಕ ಬೀಳ್ತೈತಲ್ಲ, ಅದಕ್ಕೂ ಡೈವ್ ಅಂತಾರ. ವಿಮಾನ ಒಮ್ಮಿಂದೊಮ್ಮಿಲೆ ಕೆಳಗ ಇಳಿದ್ರೂ ಡೈವ್. ಚೆಂಡ ಹಿಡಿಯಾಕ ಗೋಲಕೀಪರ್ ನೆಲಕ್ಕ ಬಿದ್ರೂ ಡೈವ್. ಕಿಸೆದಾಗ ಲಗೂನ ಕೈ ಹಾಕಿದ್ರೂ ಅದ ಶಬ್ದ. ಏನರ ಒಂದು ಕೆಲಸಕ್ಕ ಹಿಂದ ಮುಂದ ನೋಡದ ಬಿದ್ರೂ..."

"ಹಿಂದ ಮುಂದ ನೋಡದ ಬೀಳೂದು. ಅದು ಖರೆ," ಎಂದ ರಾವಸಾಬ. "ಕುತ್ತಿಗಿ ಮುರದದ್ದು ಏನರ ಬರದಾರೇನ್ರಿ ಅದರಾಗ?"

"ಇಲ್ರಿ."

"ಹಂಗಾರ ಆ ಪುಸ್ತಕ ಪೂರಾ ಇಲ್ಲ ಬಿಡ್ರಿ."

ಸುಂದರವ್ವ ಚಹಾದ ಕಪ್ಪು ತಂದು ಟೀಚರ್ ಕೈಗಿತ್ತಳು. "ಚಾ ಕುಡೀರಿ. ಇಂವ ಇವತ್ತ ಇಲ್ಲ ಅಂತಾನ, ನಾಳಿನೂ ಇಲ್ಲ ಅಂತಾನ. ನಾಡದು ನೋಡೂಣಂತ," ಎಂದಳು. ಅವಳ ಹಿಂದೆ ಬಾಗಿಲ ಚೌಕಟ್ಟಿಗೆ ಒರಗಿ ಸಾಕ್ಷಿ ನಿಂತಿದ್ದಳು. ಗೋಡೆಯ ಮೇಲಿನ ಬುದ್ಧ, ಬಾಬಾಸಾಹೇಬರ ಪಟಗಳ ಕೆಳಗೆ ಅವಳ ಎರಡನೆಯ ಬಹುಮಾನದ ಬೆಳ್ಳಿ ಬಣ್ಣದ ಕಪ್ಪು ಇತ್ತು. ಹುಡುಗಿ ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ರಾವಸಾಬನಿಗೆ ಬೈಯಲಾದರೂ ಬರುತ್ತಿತ್ತು.

ರಾವಸಾಬನ ಕುತ್ತಿಗೆಯ ಕಥೆ ಹೊಸ ಕೊಲ್ಹಾರದಲ್ಲಿ ಗೊತ್ತಿಲ್ಲದವರಿಲ್ಲ. ಆಣೆಕಟ್ಟಿನ ಹಿನ್ನೀರು ಹಳೇ ಊರಿನೊಳಗೆ ಬಂದ ವರ್ಷ ಎಲ್ಲರೂ ತೊಲೆ, ಬಾಗಿಲು, ಹಂಚು ಕಿತ್ತುಕೊಂಡು ಮೇಲೆ ಬಂದಿದ್ದರು. ಗೋಡೆ ಕಟ್ಟುವ ಗೌಂಡಿ ಕೆಲಸದ ರಾವಸಾಬ ಬೇರೆಯವರ ಮನೆ ಬಿಚ್ಚುವ ಗಡಿಬಿಡಿಯಲ್ಲಿ ತನ್ನ ಮನೆಯ ಹಿಂಬಾಗಿಲಿನ ಚೌಕಟ್ಟನ್ನು ಬಿಟ್ಟಿದ್ದ. ಸಾಗವಾನಿಯ ಚೌಕಟ್ಟು. ನೀರು ನಿಂತ ಮೇಲೆ ಅದು ಅವನ ಕಣ್ಣಿಗೆ ಕಟ್ಟತೊಡಗಿತು. ಒಂದು ಮಧ್ಯಾಹ್ನ ದೋಣಿಯಲ್ಲಿ ಹೋಗಿ, ಬೇವಿನ ಮರದ ತುದಿ ಗುರುತು ಹಿಡಿದು, ಇಲ್ಲಿ ಅಂಗಳ, ಅಲ್ಲಿ ಹಿತ್ತಿಲು ಎಂದು ಲೆಕ್ಕ ಹಾಕಿ, ಅಂಗಳದ ಮೇಲಿನ ನೀರಿಗೆ ತಲೆ ಮುಂದಾಗಿ ಸೂರ ಹೊಡೆದ. ಅದು ಅಂಗಳವಾಗಿರಲಿಲ್ಲ, ಗೋಡೆಯಾಗಿತ್ತು. ಆ ಗೋಡೆಯನ್ನು ಕಟ್ಟಿದವನೂ ಅವನೇ. ಗಟ್ಟಿ ಕಟ್ಟಿದ್ದ.

ದೋಣಿಯವನು ಕೂದಲು ಹಿಡಿದು ಎಳೆದಿದ್ದರಿಂದ ಜೀವ ಉಳಿಯಿತು. ಮಿರಜಿನ ದವಾಖಾನೆಯಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದು ಬಂದ. ಅಂದಿನಿಂದ ಹೊಸ ಊರಿನ ಮಕ್ಕಳಿಗೆಲ್ಲ ಒಂದೇ ಪಾಠ: ನೀರಿಗೆ ಕಾಲು ಮೊದಲು, ತಲೆ ಆಮೇಲೆ. ಕೆಳಗೆ ಯಾರ ಗೋಡೆ ಇದೆಯೋ, ಯಾರ ಒಲೆ ಇದೆಯೋ, ಯಾವ ಗಿಡದ ಬೊಡ್ಡೆ ಇದೆಯೋ. ಮಕ್ಕಳು ಮಾತು ಕೇಳದಿದ್ದರೆ ತಾಯಂದಿರು, "ರಾವಸಾಬ ಕಾಕಾನಂಗ ಆಗ್ತಿ ನೋಡು," ಎನ್ನುತ್ತಿದ್ದರು. ಊರಿಗೆಲ್ಲ ಅವನೇ ಒಂದು ಎಚ್ಚರಿಕೆಯ ಬೋರ್ಡು. ಸಾಕ್ಷಿಗೆ ಈಸು ಕಲಿಸುವಾಗ ಅವನು ದಡದಲ್ಲೇ ನಿಂತು ಕಲಿಸಿದ. ತಾನು ಮತ್ತೆ ನೀರಿಗೆ ಇಳಿಯಲಿಲ್ಲ. ಮೂಗು ಹಿಡಿದು ನೆಟ್ಟಗೆ ಬೀಳುವುದನ್ನು ಹೇಳಿಕೊಟ್ಟವನೂ ಅವನೇ, ವಿಜಾಪುರದಲ್ಲಿ ಜನ ನಕ್ಕದ್ದು ಅದಕ್ಕೇ.

ಟೀಚರ್ ಹೋದ ಮೇಲೆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ. ಮುಗಿಯಲಿಲ್ಲ. ಸಂಜೆ ಸಾಕ್ಷಿ ಗೋಡೆಗೆ ಒರಗಿ ಜೋರಾಗಿ ಓದತೊಡಗಿದಳು. "ದ ಕಿಂಗ್‌ಫಿಶರ್ ಡೈವ್ಸ್ ಇನ್‌ಟು ದ ರಿವರ್. ದ ಗೋಲ್‌ಕೀಪರ್ ಡೈವ್ಡ್ ಟು ಹಿಜ್ ಲೆಫ್ಟ್." ರಾವಸಾಬನಿಗೆ ಇಂಗ್ಲಿಷ್ ಬಾರದು. ಉಳಿದ ಶಬ್ದಗಳೆಲ್ಲ ಗಾಳಿಯಲ್ಲಿ ಹೋದರೂ ಆ ಒಂದು ಶಬ್ದ ಮಾತ್ರ ಪ್ರತಿ ವಾಕ್ಯದಲ್ಲೂ ಬಂದು ಅವನ ಹೆಗಲ ನಡುವೆ ಚುಚ್ಚುತ್ತಿತ್ತು.

"ಬ್ಯಾರೆ ಶಬ್ದ ಇಲ್ಲೇನ ನಿಮ್ಮ ಪುಸ್ತಕದಾಗ?"

"ಟೀಚರ್ ಇದ ಶಬ್ದಕ್ಕ ವಾಕ್ಯ ಮಾಡಂದಾರ," ಎಂದಳು ಸಾಕ್ಷಿ, ಮುಖ ಎತ್ತದೆ.

ಇನ್ನೊಂದು ದಿನ ಮಧ್ಯಾಹ್ನ ಊಟಕ್ಕೆ ಬಂದರೆ ಒಳಗಿನ ಕೋಣೆಯಲ್ಲಿ ಧಪ್ ಎಂದು ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಧಪ್. ಇಣುಕಿದರೆ ಮನೆಯಲ್ಲಿದ್ದ ಕೌದಿಗಳೆಲ್ಲ ನೆಲದ ಮೇಲೆ ಒಟ್ಟಿದ್ದವು. ಸಾಕ್ಷಿ ಹೊರಸಿನ ಮೇಲೆ ನಿಂತು ಕೈ ಜೋಡಿಸಿ ಅವುಗಳ ಮೇಲೆ ಬೀಳುತ್ತಿದ್ದಳು. ಸುಂದರವ್ವ ಮೂಲೆಯಲ್ಲಿ ಜೋಳ ಹಸನು ಮಾಡುತ್ತ, ಗಂಡನನ್ನು ನೋಡಿದರೂ ನೋಡದವಳ ಹಾಗೆ, "ಕೌದಿ ಹೊಲಿಗಿ ಬಿಚ್ಚಿದ್ರ ನೀನ ಹೊಲೀಬೇಕು ನೋಡವಾ," ಎಂದಳು. ಅಂದರೆ ತಾಯಿಯೂ ಆ ಕಡೆಯೇ. ರಾವಸಾಬ ಊಟಕ್ಕೆ ಕೂತ. ಅರ್ಧ ರೊಟ್ಟಿ ಬಿಟ್ಟು ಎದ್ದ. ಕೌದಿಯ ಮೇಲೆ ಬೀಳುವ ಹುಡುಗಿ ನಾಳೆ ಎಲ್ಲಿ ಬೀಳುತ್ತಾಳೆ ಎಂಬುದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆ ದಿನವೂ ಬಂತು. ಎರಡು ದಿನದ ನಂತರ ಕೆಲಸ ಬಿಟ್ಟು ಬಂದಾಗ ಮನೆಯಲ್ಲಿ ಮಗಳಿರಲಿಲ್ಲ. ಗೆಳತಿಯ ಮನೆಗೆ ಹೋಗಿದ್ದಾಳೆ ಎಂದಳು ಸುಂದರವ್ವ. ರಾವಸಾಬ ಚಪ್ಪಲಿಯನ್ನೂ ಬಿಡದೆ ಹಾಗೇ ಹಿನ್ನೀರಿನ ಕಡೆ ನಡೆದ, ಆಮೇಲೆ ಓಡಿದ. ಕುತ್ತಿಗೆ ಬಗ್ಗದವನಿಗೆ ತನ್ನ ಕಾಲ ಕೆಳಗಿನ ನೆಲ ಕಾಣುವುದಿಲ್ಲ. ಎರಡು ಸಲ ಎಡವಿದ.

ಹಳೇ ಊರಿನ ಬದಿಗೆ ನೀರಿನಿಂದ ಎದ್ದು ನಿಂತ ಒಂದು ದೊಡ್ಡ ಕಲ್ಲಿದೆ. ಸಾಕ್ಷಿ ಅದರ ಮೇಲೆ ನಿಂತಿದ್ದಳು. ಎರಡೂ ಕೈ ತಲೆಯ ಮೇಲೆ ಜೋಡಿಸಿದ್ದಳು.

ಕೂಗಬೇಕೆಂದು ಬಾಯಿ ತೆರೆದ. ಕೂಗಿದರೆ ಬೆಚ್ಚಿ ಬಿದ್ದುಬಿಟ್ಟರೆ? ಬಾಯಿ ತೆರೆದದ್ದು ತೆರೆದೇ ಉಳಿಯಿತು. ಆ ನೀರಿನ ಕೆಳಗೆ ಯಾರ ಮನೆ ಇತ್ತು ಎಂದು ನೆನಪಿಸಿಕೊಳ್ಳಲು ನೋಡಿದ. ಊರಿನ ಮನೆಮನೆಯೂ ಗೊತ್ತಿದ್ದವನಿಗೆ ಆಗ ಒಂದೂ ನೆನಪಾಗಲಿಲ್ಲ. ಹುಡುಗಿಯ ಮೊಣಕಾಲು ಬಗ್ಗಿದವು. ಆಮೇಲೆ ಅವಳ ಕೈಗಳು ಮೆಲ್ಲಗೆ ಕೆಳಗಿಳಿದವು. ಅವಳು ಕಲ್ಲಿನ ಮೇಲೆ ಕುಕ್ಕರಿಸಿ ಕೂತಳು. ಆಗ ರಾವಸಾಬನೂ ಇದ್ದಲ್ಲೇ ಕೂತ.

ಅವಳು ಅವನನ್ನು ಕಂಡು ದಡಕ್ಕೆ ಬಂದಳು. "ಬರೇ ನೀರ ನೋಡಾಕ ಬಂದಿದ್ದೆ," ಎಂದಳು.

"ಕೈ ಮ್ಯಾಲ ಎತ್ತಿ ನೋಡ್ತಾರೇನ ನೀರಾ?"

ಬೈಯುವಷ್ಟು ಕಸುವು ಅವನ ದನಿಯಲ್ಲಿ ಇರಲಿಲ್ಲ. ಅದಕ್ಕೇ ಏನೋ ಹುಡುಗಿ ಅತ್ತುಬಿಟ್ಟಳು. "ನಾ ನೀರಾಗಿಂದ ತೆಲಿ ಎತ್ತೂದ್ರೊಳಗ ಎಲ್ಲಾರೂ ಮುಂದ ಹೋಗಿದ್ರಪ್ಪಾ. ನನಗ ಅವರ ಕಾಲಷ್ಟ ಕಂಡ್ವು. ನಾ ಅವರಕಿಂತ ಜೋರ್ ಈಸ್ತೇನಿ. ಆದ್ರೂ ಕಾಲಷ್ಟ ಕಂಡ್ವು."

ರಾವಸಾಬ ಅವಳ ಕೈ ಹಿಡಿದುಕೊಂಡು ಮನೆಗೆ ಕರೆತಂದ. ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಇಲ್ಲ ಎಂದರೆ ಮಗಳು ಇಲ್ಲಿ, ಈ ಗೋಡೆಗಳ ಮೇಲೆ ಬೀಳುತ್ತಾಳೆ. ಹೂಂ ಎಂದರೆ ಬೇರೆಲ್ಲೋ ಬೀಳುತ್ತಾಳೆ. ಹೂಂ ಎನ್ನಬೇಕಾದರೆ ತಳ ಗೊತ್ತಿರುವ ನೀರು ಬೇಕು. ಅವನಿಗೆ ತಳ ಗೊತ್ತಿದ್ದ ನೀರು ಒಂದೇ ಒಂದಿತ್ತು, ಅದು ಹೊನ್ನವ್ವನ ಬಾವಿ.

ಹೊನ್ನವ್ವನ ಬಾವಿ ಊರ ಮೇಲ್ಗಡೆಯ ಹೊಲದಲ್ಲಿ, ನೀರು ನುಂಗದ ಜಾಗದಲ್ಲಿತ್ತು. ಕಲ್ಲು ಕಟ್ಟಿದ, ಮೆಟ್ಟಿಲಿರುವ ಚೌಕ ಬಾವಿ. ಬೇಸಿಗೆಯಲ್ಲಿ ಅದು ಬತ್ತಿದಾಗ ಹೂಳು ತೆಗೆಯುತ್ತಿದ್ದವನು ರಾವಸಾಬನ ಅಪ್ಪ. ಚಿಕ್ಕ ರಾವಸಾಬನೂ ಬುಟ್ಟಿ ಹೊತ್ತು ಆ ತಳದಲ್ಲಿ ಓಡಾಡಿದ್ದ. ಮಳೆ ಬಿದ್ದು ನೀರು ಬಂದ ಕೂಡಲೇ ಬಾವಿ ಬೇರೆಯವರದಾಗುತ್ತಿತ್ತು. ರಾವಸಾಬನ ಕೇರಿಯವರು ಆಮೇಲೆ ಮೆಟ್ಟಿಲಿನ ಮೇಲೂ ಕಾಲಿಡುವಂತಿರಲಿಲ್ಲ. ಈಗ ಕಾಲ ಬದಲಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಬದಲಾಗಿದೆಯೇ ಎಂದು ಆ ಬಾವಿಯ ಹತ್ತಿರ ಹೋಗಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಹೊನ್ನವ್ವ ಪಂಪಿನ ಮನೆಯ ನೆರಳಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಹಲ್ಲಿಲ್ಲದ, ಕಿವಿ ಚುರುಕಾದ ಮುದುಕಿ. ರಾವಸಾಬ ರೂಢಿಯಂತೆ ದೂರವೇ ನಿಂತು ಹೇಳಬೇಕಾದದ್ದನ್ನು ಹೇಳಿದ.

"ಹುಡುಗಿ ಒಬ್ಬಾಕಿನ ಇಳೀತಾಳೇನ?" ಕೇಳಿದಳು ಹೊನ್ನವ್ವ.

"ಮೊದಲ ನಾ ಇಳೀತೇನ್ರಿ ಎವ್ವಾ. ತಳಾ ನೋಡಬೇಕು."

ಮುದುಕಿ ಕುಟ್ಟುವುದನ್ನು ನಿಲ್ಲಿಸಿದಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು. ರಾವಸಾಬನಿಗೆ ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗುವುದೇ ಲೇಸು ಎನಿಸತೊಡಗಿತು.

"ಈ ಬಾವಿ ಹೂಳ ತಗದಾಂವ ನಿಮ್ಮಪ್ಪ," ಎಂದಳು ಕಡೆಗೆ. "ನೀರ ಬಂದಮ್ಯಾಲ ಒಂದ ದಿನ ಬಗ್ಗಿ ನೋಡಲಿಲ್ಲ ಅಂವಾ."

"ನೀವು ಬಿಟ್ಟಿದ್ದಿಲ್ರಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ರಾವಸಾಬನಿಗೆ ಬೆವರು ಬಂತು. ಕೆಲಸ ಕೆಟ್ಟಿತು ಎಂದುಕೊಂಡ. ಹೊನ್ನವ್ವ ಅಡಿಕೆ ಪುಡಿಯನ್ನು ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿಕೊಂಡಳು. "ಹೂಂ," ಎಂದಳು. "ಐತವಾರ ಬರ್ರಿ. ಮೋಟರ್ ಬಂದ್ ಮಾಡಿಸಿರ್ತೇನಿ."

ಭಾನುವಾರ ಬಿಸಿಲು ಏರಿದ ಮೇಲೆ ಹೋದರು. ಸುವರ್ಣಾ ಟೀಚರ್ ಸೀಟಿ ಹಾಕಿಕೊಂಡು ಬಂದಿದ್ದಳು. ಸುಂದರವ್ವ ಟವೆಲ್ಲು, ಹಗ್ಗ ತಂದಿದ್ದಳು. ಹೊನ್ನವ್ವ ಪಂಪಿನ ಮನೆಯ ಕಟ್ಟೆಯ ಮೇಲೆ ಆಗಲೇ ಬಂದು ಕೂತಿದ್ದಳು. ಮಳೆಗಾಲ ಮುಗಿದ ಬಾವಿಯಲ್ಲಿ ಮೇಲಿನ ಮೆಟ್ಟಿಲುಗಳಷ್ಟೇ ಉಳಿದು ನೀರು ಕಪ್ಪಗೆ ನಿಂತಿತ್ತು.

ರಾವಸಾಬ ಅಂಗಿ ತೆಗೆದು, ಒಂದು ಒಡಕು ಬೀಸುಕಲ್ಲಿಗೆ ಹಗ್ಗ ಕಟ್ಟಿ ಅದನ್ನು ಎದೆಗವಚಿಕೊಂಡ. ಮೆಟ್ಟಿಲು ಇಳಿದ. ಕೊನೆಯ ಒಣ ಮೆಟ್ಟಿಲಿನ ಮೇಲೆ ನಿಂತ. ತಡೆದದ್ದು ನೀರಿನ ಹೆದರಿಕೆಯೋ ಬಾವಿಯ ಹೆದರಿಕೆಯೋ, ಅವನಿಗೇ ತಿಳಿಯಲಿಲ್ಲ. ಯಾರಾದರೂ ಏನಾದರೂ ಅನ್ನುತ್ತಾರೇನೋ ಎಂದು ಕಾದ. ಯಾರೂ ಏನೂ ಅನ್ನಲಿಲ್ಲ. ಕಲ್ಲಿನ ಸಮೇತ ಕಾಲು ಕೆಳಗಾಗಿ ಇಳಿದುಬಿಟ್ಟ.

ನೀರು ತಣ್ಣಗೆ ಕಿವಿಯೊಳಗೆ ನುಗ್ಗಿತು. ಕಲ್ಲು ಅವನನ್ನು ಎಳೆದುಕೊಂಡು ಹೋಯಿತು. ಪಾದಕ್ಕೆ ಕೆಸರು ತಗುಲಿತು. ಕಲ್ಲನ್ನು ಬಿಡದೆ ಕಾಲಿನಿಂದ ಸುತ್ತ ತಡವಿದ: ಮೆತ್ತಗೆ, ಮೆತ್ತಗೆ, ಆಮೇಲೆ ಕಬ್ಬಿಣದ ಪೈಪು, ಒಂದು ಒಡೆದ ಕೊಡ. ಎದೆ ಉರಿಯತೊಡಗಿದಾಗ ಕಲ್ಲು ಬಿಟ್ಟು ಮೇಲೆ ಬಂದ. ಸುಂದರವ್ವ ಹಗ್ಗದಿಂದ ಕಲ್ಲನ್ನು ಎಳೆದುಕೊಟ್ಟಳು. ಮತ್ತೆ ಇಳಿದ. ಹೀಗೆ ಮೂಲೆ ಮೂಲೆಗೂ ಹೋದ. ಒಂದು ಸಲ ಕೊಡವನ್ನು ಎತ್ತಿ ತಂದ, ಇನ್ನೊಂದು ಸಲ ಯಾರದೋ ಕುಡಗೋಲು. ಟೀಚರ್ ವಾಚು ನೋಡಿಕೊಂಡಳು. ಸಾಕ್ಷಿ ಕಾದು ಕಾದು ಮೆಟ್ಟಿಲ ಮೇಲೆ ಕೂತಳು.

"ಸಾಕ ಮಾಡೋ," ಎಂದು ಮೇಲಿಂದ ಹೊನ್ನವ್ವ ಕೂಗಿದಳು. "ನನ್ನ ಮದವ್ಯಾಗ ಬಿದ್ದ ಉಂಗುರ ಹುಡುಕಾಕತ್ತಾನೇನ ಇಂವಾ?"

ಕಡೆಗೆ ಅವನು ಮೆಟ್ಟಿಲಿನ ಬದಿಯ ಕಲ್ಲು ಹಿಡಿದು ನೀರಿನಲ್ಲೇ ನಿಂತ. "ಮೂಡಲ ಕಡೆ ಪೈಪ್ ಐತಿ. ಆ ಕಡೆ ಮಾರಿನೂ ಮಾಡಬ್ಯಾಡ. ನಡುವ ಬೀಳು," ಎಂದ. "ನಾ ಇಲ್ಲೇ ನೀರಾಗ ಇರ್ತೇನಿ."

ಸಾಕ್ಷಿ ಬಾವಿಯ ದಂಡೆಯ ಚಪ್ಪಡಿ ಹತ್ತಿದಳು. ಟೀಚರ್ ಹೇಳಿದಂತೆ ಕೈ ಜೋಡಿಸಿ, ಗದ್ದವನ್ನು ಎದೆಗೆ ಒತ್ತಿ ಬಾಗಿದಳು. ಸೀಟಿ ಕೇಳಿತು. ಹುಡುಗಿ ಅಲುಗಲಿಲ್ಲ. ಮತ್ತೊಮ್ಮೆ ಸೀಟಿ ಕೇಳಿತು.

"ಅಪ್ಪಾ," ಎಂದಳು ಬಾಗಿದಲ್ಲಿಂದಲೇ. ದನಿ ಸಣ್ಣದಾಗಿತ್ತು. "ಹೆದರಿಕಿ ಬರಾಕತ್ತೈತಿ."

ರಾವಸಾಬನಿಗೆ ಒಮ್ಮೆಲೇ ಎಷ್ಟು ಸಂತೋಷವಾಯಿತು! ಹಂಗಾರ ಬ್ಯಾಡ ಬಾ, ಇಳಿದು ಬಾ ತಾಯಿ, ಮನಿಗಿ ಹೋಗೂಣು: ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವನು ಅಂದರೆ ಸಾಕಿತ್ತು. ಯಾರೂ ಅವನನ್ನು ತಪ್ಪು ಎನ್ನುತ್ತಿರಲಿಲ್ಲ, ಹುಡುಗಿ ಕೂಡ. ಅವನ ಮನೆಯ ಅಂಗಳವೂ ಅವನಿಗೆ ಗೊತ್ತೇ ಇತ್ತು, ಗೊತ್ತಿದ್ದ ಜಾಗವೇ ಅವನನ್ನು ಬಡಿದಿತ್ತು. ಈ ಬಾವಿಯನ್ನು ಹೇಗೆ ನಂಬುವುದು? ಮೇಲೆ ಬಾಗಿ ನಿಂತ ಮಗಳ ನೆರಳು ನೀರಿನ ಮೇಲೆ ನಡುಗುತ್ತಿತ್ತು. ಅವಳು ಅವನ ಮಾತಿಗೆ ಕಾಯುತ್ತಿದ್ದಳು.

"ತಳಾ ನಾ ನೋಡೇನಿ," ಎಂದ. ಮತ್ತೆ ಗಟ್ಟಿಯಾಗಿ ಹೇಳಿದ. "ನಾ ನೋಡೇನಿ ಸಾಕ್ಷಿ. ಅಲ್ಲಿ ಏನೂ ಇಲ್ಲ. ಬಾ."

ಚಪ್ಪಡಿಯ ಮೇಲಿಂದ ಪಾದ ಎದ್ದ ಸದ್ದು ಬಂತು. ನೀರು ಒಡೆಯಿತು. ಅವಳು ಬಿದ್ದ ಜಾಗದಲ್ಲಿ ದೊಡ್ಡ ಸದ್ದಿರಲಿಲ್ಲ, ಒಂದಷ್ಟು ನೊರೆ ಮಾತ್ರ. ಆಮೇಲೆ ನೊರೆಯೂ ಇಲ್ಲ. ಸುಂದರವ್ವ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಟೀಚರ್ ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ರಾವಸಾಬ ಕಲ್ಲಿನಿಂದ ಕೈ ಬಿಟ್ಟ. ಕಪ್ಪು ನೀರನ್ನು ನೋಡಿದ, ಎಡಕ್ಕೆ ಇಡೀ ಮೈ ತಿರುಗಿಸಿ ನೋಡಿದ, ಬಲಕ್ಕೆ ತಿರುಗಿ ನೋಡಿದ. ಇಷ್ಟು ಹೊತ್ತು ಯಾಕೆ? ಪೈಪು! ಆ ಕಡೆ ಹೋದಳೇ?

ಎದುರು ಗೋಡೆಯ ಹತ್ತಿರ ಹುಡುಗಿ ಎದ್ದಳು. ಕೂದಲು ಮುಖದ ಮೇಲೆಲ್ಲ ಹರಡಿತ್ತು. ಬಾಯಿಂದ ನೀರು ಉಗುಳಿ ಕೇಕೆ ಹಾಕಿದಳು. "ಅಪ್ಪಾ! ಇಷ್ಟ ದೂರ ಬಂದೆ! ಕೈ ಬಡೀದನ ಇಷ್ಟ ದೂರ!"

ಟೀಚರ್ ಸುಮ್ಮನೆ ಸೀಟಿ ಊದಿದಳು, ಊದುತ್ತಲೇ ಇದ್ದಳು. ಸುಂದರವ್ವ ಕೂತುಬಿಟ್ಟಳು. ಸಾಕ್ಷಿ ಅಪ್ಪನ ಪಕ್ಕದಿಂದಲೇ ಈಸಿ ಹೋಗಿ ಮೆಟ್ಟಿಲು ಹತ್ತಿದಳು. ಮೈಯಿಂದ ನೀರು ಸುರಿಸುತ್ತ ಮತ್ತೆ ಚಪ್ಪಡಿಯ ಮೇಲೆ ನಿಂತಳು. "ಇನ್ನೊಮ್ಮಿ," ಎಂದಳು. ಅವಳ ದನಿಯಲ್ಲಿ ಈಗ ಹೆದರಿಕೆ ಇರಲಿಲ್ಲ.

"ತಡಿ," ಎಂದ ರಾವಸಾಬ.

"ಯಾಕ?"

"ತಳಾ ಒಮ್ಮಿ ನೋಡಿ ಬರ್ತೇನಿ."

"ಅಯ್ಯ, ಈಗರ ನೋಡಿ ಬಂದೀಯಲ್ಲ!" ಎಂದಳು ಸುಂದರವ್ವ. "ಅಷ್ಟರಾಗ ತಳಾ ಎಲ್ಲಿ ಓಡಿ ಹೋಗಿರ್ತೈತಿ?" ಅನ್ನುತ್ತಲೇ ಕಲ್ಲನ್ನು ಇಳಿಬಿಡಲು ಹಗ್ಗಕ್ಕೆ ಕೈ ಹಾಕಿದಳು.

ಕಲ್ಲು ಕೆಳಗೆ ಬರುವ ತನಕ ರಾವಸಾಬ ಕಾಯಲಿಲ್ಲ. ಮಗಳು ಚಪ್ಪಡಿಯ ಮೇಲೆ ನಿಂತಾಗಿತ್ತು, ಅವಳ ಮೊಣಕಾಲು ಯಾವಾಗ ಬಗ್ಗುತ್ತವೋ ಹೇಳಲಾಗದು. ಎದೆ ತುಂಬ ಉಸಿರು ಎಳೆದುಕೊಂಡ. ಬಾವಿಯ ನಡುವಿಗೆ ಎರಡು ಕೈ ಬೀಸಿ ಹೋಗಿ, ಸೊಂಟದಿಂದ ಮೈಯನ್ನು ಕೆಳಕ್ಕೆ ಮಡಚಿ ಒಳಗೆ ತಳ್ಳಿದ. ನೀರಿನ ಮೇಲೆ ಅವನ ಎರಡು ಬಿಳಿಚಿದ ಹಿಮ್ಮಡಿಗಳು ನೆಟ್ಟಗೆ ಎದ್ದು ಕಂಡವು. ಆಮೇಲೆ ಅವೂ ಇಳಿದು ಹೋದವು.